ಬಿಲ್ಲೆ ಬಂದಿತ್ತು, ಅಮ್ಮ ಬಂದಿರಲಿಲ್ಲ

ಹೋದ ವಾರ ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಅರಿಶಿನದ ಕೊಂಬಿಗೆ ಕಾಯುತ್ತ ನಿಂತಿದ್ದೆ. ಪಕ್ಕದಲ್ಲಿದ್ದವರು ಬೇವಿನೆಣ್ಣೆ ಕೇಳಿದರು. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದದ್ದೇ ತಡ, ಆ ಕಹಿ ಘಾಟು ಅಂಗಡಿ ತುಂಬಿತು. ಇದ್ದವರೆಲ್ಲ ಮುಖ ಕಿವುಚಿಕೊಂಡರು. ನಾನು ಮಾತ್ರ ಸುಮ್ಮನೆ ಮೂಗರಳಿಸಿ ನಿಂತೆ. ಆ ವಾಸನೆ ಬಂದರೆ ನನಗೆ ಈಗಲೂ ಕಣ್ಣ ಮುಂದೆ ಭಾನುವಾರದ ಬೆಳಗು ಬರುತ್ತದೆ... ಭದ್ರಾ ನಾಲೆಯ ಏರಿ ಮೇಲೆ ಸಾಲಾಗಿ ಕೂತು ಮೊಣಕಾಲಿನವರೆಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ನಾವು, ಒಬ್ಬೊಬ್ಬರ ಕಾಲನ್ನೂ ಬಗ್ಗಿ ನೋಡಿ, "ಬೆರಳ ಸಂದಿ ಬಿಟ್ಟಿದೀರಿ, ರಕ್ತ ಕುಡಿಯೋ ಉಣುಗು ಹತ್ತೋದೇ ಅಲ್ಲಿಂದ" ಎಂದು ಗದರುತ್ತಿದ್ದ ಅವರು.

ಅವರು ಗೋಪಾಳದಲ್ಲಿ ನಮ್ಮ ಪಕ್ಕದ ಮನೆಯವರು. ಭದ್ರಾವತಿಯ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಫೋರ್‌ಮನ್ ಆಗಿದ್ದು ನಿವೃತ್ತರಾದವರು. ಹೆಂಡತಿ ಕೂಡ ಅವರನ್ನು "ಫೋರ್‌ಮನ್ನರೇ" ಎಂದೇ ಕರೆಯುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ಸಿಟ್ಟಿಗೆ. ವರ್ಷಗಟ್ಟಲೆ ಅಚ್ಚಿನ ಮರಳಿನ ಧೂಳು ಕುಡಿದು ಅವರ ಎದೆ ಹಾಳಾಗಿತ್ತು. ಗಿಡಮರ ಇರುವ ಕಡೆ ನಡೆಯಿರಿ ಎಂದು ಡಾಕ್ಟರು ಹೇಳಿದ್ದಕ್ಕೆ ಮೊದಲು ತಾವೊಬ್ಬರೇ ಹೊರಟರು. ಆಮೇಲೆ ನಮ್ಮ ಬೀದಿಯಲ್ಲಿ ಯಾರಿಗೆ ಬಿ.ಪಿ., ಯಾರಿಗೆ ಶುಗರ್, ಯಾರಿಗೆ ನಿದ್ದೆ ಬರುವುದಿಲ್ಲ ಎಂದು ವಿಚಾರಿಸಿಕೊಂಡು ಒಬ್ಬೊಬ್ಬರನ್ನೇ ಎಳೆದುಕೊಂಡು ಹೋದರು. ನೋಡನೋಡುತ್ತ ಅದೊಂದು ಸಂಘದ ಹಾಗೆ ಆಯಿತು. ಭಾನುವಾರ ಬೆಳಿಗ್ಗೆ ಬಾಡಿಗೆ ಟಿ.ಟಿ. ಗಾಡಿ ಬರುವುದು, ಭದ್ರಾವತಿ ದಾಟಿ ನಾಲೆಯ ಹತ್ತಿರ ಇಳಿಯುವುದು, ನಾಲೆಯಾಚೆಯ ಕಾಡಿನಲ್ಲಿ ಒಂದು ಸುತ್ತು ನಡೆಯುವುದು, ಬಂದು ಎಲ್ಲರೂ ಕೂತು ತಿಂಡಿ ತಿನ್ನುವುದು. ಅಷ್ಟೇ. ಭಾಷಣ ಇಲ್ಲ, ಬ್ಯಾನರ್ ಇಲ್ಲ. ಫೋನು ಗಾಡಿಯಲ್ಲೇ ಇಡಬೇಕು.

ಇನ್ನೊಂದು ಕಾನೂನಿತ್ತು. ಅವರ ಫೌಂಡ್ರಿಯಲ್ಲಿ ಕೆಲಸಕ್ಕೆ ಒಳಗೆ ಹೋಗುವವರು ಗೇಟಿನ ಹಲಗೆಯಿಂದ ತಮ್ಮ ಬಿಲ್ಲೆ ತೆಗೆದುಕೊಂಡು ಹೋಗಿ, ಹೊರಗೆ ಬರುವಾಗ ಅದೇ ಮೊಳೆಗೆ ಮತ್ತೆ ಸಿಕ್ಕಿಸಬೇಕಿತ್ತಂತೆ. ಮೊಳೆ ಖಾಲಿ ಇದ್ದರೆ ಒಳಗೆ ಮನುಷ್ಯರಿದ್ದಾರೆ ಎಂದರ್ಥ. ಆ ಪದ್ಧತಿಯನ್ನು ಅವರು ಕಾಡಿಗೂ ತಂದಿದ್ದರು. ನಮ್ಮ ನಮ್ಮ ಹೆಸರು ಬರೆದ ಮರದ ಬಿಲ್ಲೆಗಳು, ಗಾಡಿಯ ಬಾಗಿಲಿಗೆ ತೂಗುಹಾಕಿದ ಹಲಗೆ. ನಡೆಯುವಾಗ ಜನ ಚದುರಿದರೆ ಸೀಟಿ ಊದುತ್ತಿದ್ದರು; ನಾವು ಇದ್ದಲ್ಲಿಂದಲೇ ಚಪ್ಪಾಳೆ ತಟ್ಟಬೇಕಿತ್ತು. ವಾಕಿಂಗಿಗೂ ಹಾಜರಿಯೇ ಎಂದು ಎಲ್ಲರೂ ನಗುತ್ತಿದ್ದೆವು. ಬರಬರುತ್ತ ಸಲಿಗೆ ಬೆಳೆಯಿತು. ಗಂಡನ ಬಿಲ್ಲೆಯನ್ನು ಹೆಂಡತಿ ಸಿಕ್ಕಿಸುವುದು, ಅತ್ತಿಗೆಯದನ್ನು ನಾದಿನಿ ಸಿಕ್ಕಿಸುವುದು, "ಕೊಡಿ ಇತ್ಲಾಗೆ, ನಂದು ಹಾಕುವಾಗ ನಿಮ್ದೂ ಹಾಕ್ತೀನಿ" ಎನ್ನುವುದು. ಫೋರ್‌ಮನ್ನರ ಕಣ್ಣಿಗೆ ಬಿದ್ದರೆ ರೇಗುತ್ತಿದ್ದರು. ಬೀಳದಿದ್ದಾಗ ನಡೆದೇ ನಡೆಯುತ್ತಿತ್ತು. ಇನ್ನೊಬ್ಬರ ಕೈಯಲ್ಲಿ ಏನಾದರೂ ಇದ್ದರೆ ಅದನ್ನು ಇಸಿದುಕೊಳ್ಳದೆ ನಮ್ಮ ಜನಕ್ಕೆ ಸಮಾಧಾನವಿಲ್ಲ, ಅದು ಅಂಗೈಯಗಲದ ಮರದ ಚೂರಾದರೂ ಸರಿ.

ಅಮ್ಮನ ವಿಷಯ ಹೇಳಬೇಕು. ಅಪ್ಪ ಹೋದ ಮೇಲೆ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಊಟಕ್ಕೆ ಕರೆದರೆ "ಹೂಂ", ಸ್ನಾನಕ್ಕೆ ಕರೆದರೆ "ಹೂಂ". ಎದ್ದು ಬರುತ್ತಿರಲಿಲ್ಲ. ಶುಗರ್ ಏರಿ ಮಾತ್ರೆ ಹೋಗಿ ಇನ್ಸುಲಿನ್ ಶುರುವಾಯಿತು. ನಾನು ಬ್ಯಾಂಕಿನಿಂದ ಬಂದವಳು ಮೊದಲು ಅವಳ ಕೋಣೆ ಇಣುಕಿ, ಹೊದಿಕೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಬಾಯಿಬಿಟ್ಟು ಯಾರಿಗೂ ಹೇಳದ ಹೆದರಿಕೆಯೊಂದು ನನ್ನೊಳಗಿತ್ತು. ಇವಳು ಏನಾದರೂ ಮಾಡಿಕೊಂಡರೆ...

ಫೋರ್‌ಮನ್ನರು ಒಂದು ದಿನ ಸೀದಾ ಬಂದು ಅವಳ ಕೋಣೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. "ಅಕ್ಕಾ, ಭಾನುವಾರ ನಮ್ಮ ಜೊತೆ ಬನ್ನಿ. ನಡೀಲೇಬೇಕು ಅಂತಿಲ್ಲ. ಬಂದು ಕೂತ್ರೂ ಸಾಕು" ಎಂದರು. ಅಮ್ಮ ತಿರುಗಲಿಲ್ಲ. ಅವರೂ ಏಳಲಿಲ್ಲ. ಅವರ ಕೆಮ್ಮು ಕೇಳಲಾರದೆಯೋ ಏನೋ, ಕೊನೆಗೆ ಅಮ್ಮನೇ ಎದ್ದು, "ಬರ್ತೀನಿ, ಮೊದ್ಲು ನೀವು ಮನೆಗೆ ಹೋಗಿ ಬಿಸಿನೀರು ಕುಡೀರಿ" ಎಂದಳು. ಮೊದಲು ಗಾಡಿಯ ಹತ್ತಿರ ಕೂತಳು. ಆಮೇಲೆ ನಾಲೆಯ ಸೇತುವೆವರೆಗೆ ನಡೆದಳು. ಮಳೆಗಾಲ ಮುಗಿಯುವ ಹೊತ್ತಿಗೆ ಪೂರ್ತಿ ಸುತ್ತು ಹಾಕಿ ಬಂದು, ಅವಲಕ್ಕಿಗೆ ಉಪ್ಪು ಸಾಲದು ಎಂದು ನನ್ನ ಮೇಲೆ ಕೊಂಕು ತೆಗೆದಳು. ನನಗೆ ಆ ಕೊಂಕು ಕೇಳಿ ಎಷ್ಟು ಖುಷಿಯಾಯಿತೆಂದರೆ, ಅಲ್ಲೇ ಕುಣಿಯುವುದೊಂದು ಬಾಕಿ.

ನಾನು ಹೇಳಹೊರಟ ಆ ಭಾನುವಾರ ಬೇಸಿಗೆಯದು. ಸುತ್ತಮುತ್ತ ಚಿರತೆ ಓಡಾಡುತ್ತಿದೆ ಎಂಬ ಸುದ್ದಿಯಿತ್ತು, ಆದ್ದರಿಂದ ಬೇಗ ಮುಗಿಸಿ ಬಿಸಿಲೇರುವ ಮೊದಲೇ ಹೊರಡುವುದು ಎಂದಾಗಿತ್ತು. ತಿಂಡಿ ಬಡಿಸುವ ಸರದಿ ನನ್ನದಾದ್ದರಿಂದ ನಾನು ಮುಂದಾಗಿ ಬಂದು ಎಲೆ ಹಾಸುತ್ತಿದ್ದೆ. ಒಬ್ಬೊಬ್ಬರೇ ಬಂದರು, ಕೈತೊಳೆದರು, ಕೂತರು. ಹಲಗೆಯ ಮೇಲೆ ಮೊಳೆಗಳೆಲ್ಲ ತುಂಬಿದ್ದವು. ಅಮ್ಮನ ಬಿಲ್ಲೆಯೂ ಇತ್ತು. ಅಮ್ಮ ಇರಲಿಲ್ಲ.

"ಅಲ್ಲೇ ಎಲ್ಲೋ ಇರ್ತಾರೆ." "ಗಾಡಿ ಹಿಂದೆ ನೋಡಿದ್ರಾ?" "ಹೊಸಮನೆಯವರ ಕಾರಲ್ಲಿ ಹೋಗಿರ್ಬೇಕು ಕಣ್ರೀ, ಅವರು ಆಗ್ಲೇ ಹೊರಟ್ರಲ್ಲ." ಹೊಸಮನೆಯವರೆಂದರೆ ಔಷಧಿ ಅಂಗಡಿಯ ಯಜಮಾನರು. ಅಂಗಡಿ ತೆರೆಯಬೇಕೆಂದು ಅವರು ತಿಂಡಿಗೆ ನಿಲ್ಲದೆ ಹೋಗಿದ್ದರು. ಎಲ್ಲರಿಗೂ ಅದೇ ಸರಿ ಅನ್ನಿಸಿತು. ಬಿಲ್ಲೆ ಬಂದಿದೆ ಎಂದ ಮೇಲೆ ಮನುಷ್ಯರೂ ಬಂದಿರಬೇಕಲ್ಲ. ನಾನು ಮಾತ್ರ ನನ್ನ ಚೀಲ ತೆರೆದು ನೋಡಿದೆ. ಅಮ್ಮ ಹೊರಡುವ ಮೊದಲು ಮನೆಯಲ್ಲೇ ಇನ್ಸುಲಿನ್ ಚುಚ್ಚಿಕೊಂಡಿದ್ದಳು. ಅದರ ಮೇಲೆ ತಿನ್ನಬೇಕಾದ ಬಾಳೆಹಣ್ಣು ನನ್ನ ಚೀಲದಲ್ಲೇ ಇತ್ತು. ಹೊಟ್ಟೆಗೆ ಏನೂ ಬೀಳದೆ ಹೊತ್ತಾದರೆ ಶುಗರ್ ಇಳಿದು ಎಚ್ಚರ ತಪ್ಪುತ್ತದೆ ಎಂದು ಡಾಕ್ಟರು ನನಗೆ ಹತ್ತು ಸಲ ಹೇಳಿದ್ದರು.

ಫೋರ್‌ಮನ್ನರು ಹಲಗೆಯ ಮುಂದೆ ನಿಂತಿದ್ದರು. "ಅಕ್ಕನ್ನ ಯಾರು ನೋಡಿದ್ರಿ? ಬಿಲ್ಲೆ ಅಲ್ಲ, ಅಕ್ಕನ ಮುಖ. ವಾಪಸ್ ಬಂದಿದ್ದು ಯಾರು ನೋಡಿದ್ರಿ?" ಎಂದು ಕೇಳಿದರು. ಯಾರೂ ನೋಡಿರಲಿಲ್ಲ. ಚೀಲದಿಂದ ಫೋನು ತೆಗೆದು ಔಷಧಿ ಅಂಗಡಿಯವರಿಗೆ ಹಚ್ಚಿದರು. ನೆಟ್‌ವರ್ಕ್ ಸಿಗದೆ ಗಾಡಿಯ ಏಣಿ ಹತ್ತಿ ನಿಂತು ಮತ್ತೆ ಮತ್ತೆ ಹಚ್ಚಿದರು. ಕೊನೆಗೆ ಸಿಕ್ಕಿತು. ಸ್ಪೀಕರಿನಲ್ಲಿ ಅಂಗಡಿಯವರ ದನಿ ಎಲ್ಲರಿಗೂ ಕೇಳಿಸಿತು. "ಹೌದು, ಅಕ್ಕನ ಬಿಲ್ಲೆ ನಾನೇ ಹಾಕಿದ್ದು. ಸೇತುವೆ ದಾಟಿದ್ಮೇಲೆ, ನೀವು ಹೋಗ್ತಿರಿ, ನಾನು ಹಿಂದೆ ಬರ್ತೀನಿ ಅಂದ್ರು. ಯಾಕೆ, ಬಂದಿಲ್ವಾ?"

ತಿಂಡಿ ಎಲೆಯಲ್ಲೇ ಉಳಿಯಿತು. ಗಂಡಸರು ಕಾಡಿನ ದಾರಿ ಹಿಡಿದರು. ನಾನು ಬಾಳೆಹಣ್ಣಿನ ಚೀಲ ಎದೆಗವಚಿಕೊಂಡು ಫೋರ್‌ಮನ್ನರ ಹಿಂದೆ ನಾಲೆಯುದ್ದಕ್ಕೂ ಓಡಿದೆ. ಬೇಸಿಗೆ ಬೆಳೆಗೆ ನೀರು ಬಿಟ್ಟಿದ್ದರು. ನಾಲೆ ತುಂಬಿ, ಸದ್ದಿಲ್ಲದೆ, ಭಾರಿ ವೇಗದಲ್ಲಿ ಹರಿಯುತ್ತಿತ್ತು. ಬಟ್ಟೆ ಒಗೆಯುವ ಮೆಟ್ಟಿಲ ಹತ್ತಿರ ಬಂದಾಗ ಅವರು ತಟ್ಟನೆ ನಿಂತರು. ನಾನೂ ನೋಡಿದೆ. ಮೇಲಿನ ಮೆಟ್ಟಿಲಲ್ಲಿ ಅಮ್ಮನ ಚಪ್ಪಲಿಗಳಿದ್ದವು, ಒಂದರ ಪಕ್ಕ ಒಂದು.

ನೀರಿನ ದಂಡೆಯಲ್ಲಿ ಬಿಟ್ಟ ಚಪ್ಪಲಿ ಎಂದರೆ ಏನೆಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಎರಡು ವರ್ಷದಿಂದ ಯಾವುದಕ್ಕೆ ಹೆದರಿದ್ದೆನೋ ಅದು ಬಂದೇಬಿಟ್ಟಿತು ಎಂದುಕೊಂಡೆ. ನೀರಿಗೆ ಇಳಿಯಲು ಹೋದೆನಂತೆ, ನನಗೆ ನೆನಪಿಲ್ಲ. ಅವರು ನನ್ನ ರಟ್ಟೆ ಹಿಡಿದಿದ್ದು ಮಾತ್ರ ನೆನಪಿದೆ. ಇನ್ನೊಂದು ಕೈಯಲ್ಲಿ ಚಪ್ಪಲಿ ಎತ್ತಿ ನನ್ನ ಕಣ್ಣ ಮುಂದೆ ಹಿಡಿದರು.

"ಇಲ್ಲಿ ನೋಡು ಮಾರಾಯ್ತಿ. ಉಂಗುಷ್ಟ ಕಿತ್ತಿದೆ. ಹಾಕ್ಕೊಂಡು ನಡೆಯೋಕಾಗ್ದೆ ಬಿಟ್ಟು ಹೋಗಿದಾರೆ. ನಡ್ಕೊಂಡು ಹೋಗಿದಾರೆ, ತಿಳೀತಾ?"

ಈಚೆ ದಂಡೆಯಲ್ಲಿದ್ದರೆ ಗಾಡಿಗೆ ಬಂದಿರುತ್ತಿದ್ದಳು; ಸೇತುವೆ ದಾಟಿ ಆಚೆ ದಂಡೆಯ ಕಾಡಿಗೆ ಹೋದೆವು. ಸೀಟಿ ಊದಿದರು. ಗಾಳಿಯ ಸದ್ದು, ಯಾವುದೋ ಹಕ್ಕಿ. ಮತ್ತೆ ಊದಿದರು. ಉಸಿರು ಸಾಲದೆ ಕೆಮ್ಮು ಬಂತು, ಮರಕ್ಕೆ ಒರಗಿ ನಿಂತು ಸುಧಾರಿಸಿಕೊಂಡು ಮತ್ತೆ ಊದಿದರು. "ಅಂಕಲ್, ನಾನು ಊದ್ತೀನಿ ಕೊಡಿ" ಎಂದೆ. ಕೊಡಲಿಲ್ಲ. "ನನ್ನ ಸೀಟಿ ಅವರಿಗೆ ಗೊತ್ತು" ಎಂದರು. ಹಾಗೆ ಎಷ್ಟು ದೂರ ಹೋದೆವೋ... ಒಂದು ಕಡೆ ಅವರು ಕೈ ಎತ್ತಿ ನನ್ನನ್ನು ನಿಲ್ಲಿಸಿದರು. ಟಪ್. ಸ್ವಲ್ಪ ಬಿಟ್ಟು ಮತ್ತೆ, ಟಪ್. ಚಪ್ಪಾಳೆ ಎನ್ನಲೂ ಆಗದಷ್ಟು ಸಣ್ಣ ಸದ್ದು.

ಮುಳ್ಳುಪೊದೆಯಂಥ ಕವಳೆ ಮಟ್ಟಿಯ ಬುಡದಲ್ಲಿ ಅಮ್ಮ ಕೂತಿದ್ದಳು. ಮೈಯೆಲ್ಲ ಬೆವರು, ಕೈತುಂಬ ಮುಳ್ಳಿನ ಗೀರು. ನನ್ನನ್ನು ನೋಡಿ, "ಬಸ್ಸು ಬಂತಾ?" ಎಂದಳು. ಗುರುತು ಸಿಕ್ಕಿರಲಿಲ್ಲ. ನನ್ನ ಕೈಗೆ ಬಾಳೆಹಣ್ಣು ಸುಲಿಯಲು ಬರಲಿಲ್ಲ. ಫೋರ್‌ಮನ್ನರು ಜೇಬಿನಿಂದ ಪೆಪ್ಪರ್‌ಮಿಂಟ್ ತೆಗೆದು ಅವಳ ಕೆನ್ನೆಯ ಒಳಗಿಟ್ಟರು. "ಚೀಪಿ ಅಕ್ಕಾ, ಚೀಪಿ" ಎನ್ನುತ್ತ ಮಣ್ಣಲ್ಲೇ ಮೊಣಕಾಲೂರಿ ಕೂತರು. ಆಮೇಲೆ ಹಣ್ಣು, ನೀರು. ನಿಧಾನಕ್ಕೆ ಕಣ್ಣಿಗೆ ಕಳೆ ಬಂತು. ಬಂದದ್ದೇ ಸೆರಗು ಹಿಡಿದು ನೋಡಿಕೊಂಡಳು. ಸೆರಗಿನ ತುಂಬ ಕವಳೆಕಾಯಿ.

"ಉಪ್ಪಿನಕಾಯಿಗೆ ಅಂತ ಕೊಯ್ದೆ ಕಣೇ" ಎಂದಳು.

ಅಪ್ಪ ಹೋದ ಮೇಲೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕಿರಲಿಲ್ಲ. ನಾನು ಅವಳ ಮಡಿಲಲ್ಲಿ ತಲೆಯಿಟ್ಟು ಅತ್ತದ್ದು ನೋಡಿ ಅವಳಿಗೆ ಗಾಬರಿಯಾಯಿತು. ಫೋರ್‌ಮನ್ನರು ಆಚೆ ತಿರುಗಿ ನಿಂತಿದ್ದರು.

ಆ ವಾರವೇ ಹೆಚ್ಚು ಕಷ್ಟದ್ದಾಯಿತು. ಹೊಸಮನೆಯ ಅಂಗಡಿಯವರು ಬಂದು ಅಮ್ಮನ ಮುಂದೆ ಕೈಮುಗಿದು ಹೋದರು. ನನ್ನ ತಮ್ಮ ಹುಬ್ಬಳ್ಳಿಯಿಂದ ಫೋನು ಮಾಡಿ, ಕಾಡಿಗೆ ಕರೆದುಕೊಂಡು ಹೋಗುವ ಹುಚ್ಚಾಟ ಸಾಕು ಎಂದು ಕೂಗಾಡಿದ. ಬೇರೆ ಮನೆಗಳಲ್ಲೂ ಅದೇ ಮಾತು. ಫೋರ್‌ಮನ್ನರು ಯಾರೊಂದಿಗೂ ವಾದ ಮಾಡದೆ ಗಾಡಿಯವನಿಗೆ ಬರಬೇಡ ಎಂದು ಹೇಳಿಬಿಟ್ಟರು. ಸುದ್ದಿ ಅಮ್ಮನ ಕಿವಿಗೂ ಬಿತ್ತು. ಮರುದಿನ ಸಂಜೆ ನಾನು ಬಂದಾಗ ಅವಳು ಮತ್ತೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಕವಳೆಕಾಯಿ ಮೊರದಲ್ಲಿ ಬಾಡುತ್ತಿತ್ತು.

ನನಗೆ ಸಿಟ್ಟು ನೆತ್ತಿಗೇರಿತು. ಚಪ್ಪಲಿ ಕೂಡ ಹಾಕದೆ ಪಕ್ಕದ ಮನೆಗೆ ನುಗ್ಗಿದೆ. "ಅಂಕಲ್, ಅವಳನ್ನ ಎಬ್ಬಿಸಿದೋರು ನೀವು. ಈಗ ಅರ್ಧದಲ್ಲಿ ಕೈಬಿಟ್ರೆ ನಾನೇನ್ಮಾಡ್ಲಿ? ಕಾಡಲ್ಲಿ ಬದುಕಿ ಉಳಿದ್ಲು, ಮನೇಲಿ ಉಳಿಯಲ್ಲ" ಎಂದೆ. ದನಿ ಎಷ್ಟು ಏರಿತ್ತೆಂದರೆ ಅವರ ಹೆಂಡತಿ ಅಡುಗೆಮನೆಯಿಂದ ಓಡಿಬಂದರು.

ಅವರು ನನ್ನನ್ನು ಕೂರಿಸಿದರು. ಆಮೇಲೆ, "ಫೌಂಡ್ರೀಲೂ ಒಂದ್ಸಲ ಹಿಂಗೇ ಆಗಿತ್ತು. ಒಬ್ಬನ ಬಿಲ್ಲೆ ಇನ್ನೊಬ್ಬ ಹಾಕಿದ್ದ. ಹಲಗೆ ತುಂಬಿದೆ ಅಂತ ನಾವು ಬಾಗಿಲು ಹಾಕಿಬಿಟ್ವಿ. ಅವನು ಒಳಗೇ..." ಎಂದರು. ಹೆಂಡತಿ ಅವರ ಭುಜದ ಮೇಲೆ ಕೈಯಿಟ್ಟರು. ಏಳುವಾಗ ಇಷ್ಟೇ ಅಂದೆ: "ಈ ಸಲ ನೀವು ಬಾಗಿಲು ಹಾಕ್ಲಿಲ್ಲ ಅಂಕಲ್. ಹುಡುಕಿದ್ರಿ."

ಭಾನುವಾರ ಬೆಳಿಗ್ಗೆ ಗೇಟಿನ ಸದ್ದಾಯಿತು. ಅವರು ಒಳಗೆ ಬರದೆ ಅಂಗಳದಿಂದಲೇ ಕೂಗಿದರು. "ಅಕ್ಕಾ, ಏಳಿ. ಬಿಲ್ಲೆ ಗಿಲ್ಲೆ ಎಲ್ಲ ಬಿಟ್ಟೆ. ಇನ್ಮೇಲೆ ನಾನು ಮುಂದೆ ನಡೆಯಲ್ಲ, ಎಲ್ಲರ ಕೊನೇಲಿ ಬರ್ತೀನಿ. ನನ್ನ ದಾಟಿ ಯಾರೂ ಹಿಂದೆ ಉಳಿಯೋ ಹಾಗಿಲ್ಲ."

ನಾನು ನಡುಮನೆಯಲ್ಲಿ ಅವಳ ಕೋಣೆಯತ್ತ ಕಿವಿಗೊಟ್ಟು ನಿಂತಿದ್ದೆ. ಆಮೇಲೆ ಮಂಚ ಕಿರುಗುಟ್ಟಿತು. "ಇವರಿಗೆ ಕಾಫಿ ಇಡು. ಬೆಳಬೆಳಿಗ್ಗೆ ತಣ್ಣನೆ ಗಾಳೀಲಿ ನಿಂತಿದಾರೆ" ಎಂದಳು ಅಮ್ಮ.

ಆ ದಿನ ಹೋದವರು ನಾವು ನಾಲ್ಕೇ ಜನ. ಕ್ರಮೇಣ ಉಳಿದವರೂ ಬಂದರು. ಅವರು ಆಡಿದ ಮಾತಿನಂತೆ ಕೊನೆಗೇ ನಡೆದರು, ಅಮ್ಮ ಅವರ ಮುಂದೆ. ವರ್ಷ ಕಳೆದ ಹಾಗೆ ಅಮ್ಮನ ಕಾಲು ಗಟ್ಟಿಯಾಯಿತು, ಅವರ ಉಸಿರು ಕಡಿಮೆಯಾಯಿತು. ಏರು ಬಂದಾಗ ಅವರಿಗೆ ದಮ್ಮು ಹತ್ತುತ್ತಿತ್ತು. ಆಗ ಅಮ್ಮ ಯಾವುದೋ ಗಿಡದ ಎಲೆ ಮುಟ್ಟಿ, ಮೂಸಿ, ತಿರುಗಿಸಿ ನೋಡುತ್ತ ನಿಂತುಬಿಡುತ್ತಿದ್ದಳು. ಅವರು ಬಂದು ಸೇರಿದ ಮೇಲೆ ಎಲೆ ಬಿಟ್ಟು ಮುಂದೆ ನಡೆಯುತ್ತಿದ್ದಳು. ಕಾಯುತ್ತಿದ್ದೇನೆ ಎಂದು ಅವಳು ಹೇಳಲಿಲ್ಲ, ಗೊತ್ತಿದೆ ಎಂದು ಅವರೂ ಹೇಳಲಿಲ್ಲ.

ಕಳೆದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಕೊನೆಯ ದಿನಗಳಲ್ಲಿ ಆಮ್ಲಜನಕದ ನಳಿಕೆ ಹಾಕಿಕೊಂಡೇ, ಭಾನುವಾರ ಯಾರು ಯಾರು ಹೋಗಿದ್ದಿರಿ, ಎಲ್ಲರೂ ಬಂದಿರಾ ಎಂದು ಕೇಳುತ್ತಿದ್ದರು.

ಬೇವಿನೆಣ್ಣೆಯ ಘಾಟು ತಲೆಯಲ್ಲಿ ಕೂತಿದ್ದಕ್ಕೋ ಏನೋ, ಅವರು ಹೋದ ಮೇಲೆ ನಿಂತೇಹೋಗಿದ್ದ ನಡಿಗೆಗೆ ಈ ಭಾನುವಾರ ನಾನೇ ಗಾಡಿ ಹೇಳಿದೆ. ಹಳಬರು ಏಳೆಂಟು ಮಂದಿ ಬಂದರು. ಎಲ್ಲರೂ ಮುಂದೆ ಹೋಗಿದ್ದರು, ಅಮ್ಮ ನನ್ನ ಮುಂದೆ ಇದ್ದಳು. ಏರಿನಲ್ಲಿ ಅವಳು ನಿಂತಳು. ಪಕ್ಕದ ಗಿಡದ ಎಲೆಯೊಂದನ್ನು ಹಿಡಿದು ನೋಡತೊಡಗಿದಳು. ನಾನು ಅವಳನ್ನು ಸೇರಿದೆ. ಅವಳು ಎಲೆ ಬಿಡಲಿಲ್ಲ. ನನ್ನ ಹಿಂದೆ ದಾರಿ ಖಾಲಿ ಇತ್ತು. ನಾನೂ ತಿರುಗಿ ಆ ದಾರಿಯನ್ನೇ ನೋಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅವಳೇ ಎಲೆಯನ್ನು ಮೆಲ್ಲನೆ ಬಿಟ್ಟಳು. ದಾರಿಯಿಂದ ಬದಿಗೆ ಸರಿದು ನನ್ನ ಬೆನ್ನ ಮೇಲೆ ಕೈಯಿಟ್ಟಳು.

"ನೀನು ನಡಿ ಮುಂದೆ. ಕೊನೇಲಿ ನಾನು ಬರ್ತೀನಿ."