ಹಾಜರಿ ಬೆರಳು

ಬೆಳಿಗ್ಗೆ ಏಳೂವರೆಗೆ ಆ ಕಾರ್ಖಾನೆಯ ಗೇಟಿನ ಮುಂದೆ ನಿಂತ ಹೆಂಗಸರನ್ನು ಹೊಸಬರು ನೋಡಿದರೆ, ಇವರಿಗೆಲ್ಲ ಒಟ್ಟಿಗೇ ಏನೋ ಹಿಡಿದುಕೊಂಡಿದೆ ಅಂದುಕೊಂಡಾರು. ಒಬ್ಬಳು ಬಲಗೈ ತೋರುಬೆರಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡಿರುತ್ತಾಳೆ. ಇನ್ನೊಬ್ಬಳು ಬಾಯಿಯ ಹತ್ತಿರ ಹಿಡಿದು ಊದುತ್ತಿರುತ್ತಾಳೆ. ಮತ್ತೊಬ್ಬಳು ಕತ್ತಿನ ಹಿಂದೆ, ತುರುಬಿನೊಳಗೆ ತೂರಿಸಿರುತ್ತಾಳೆ. ಹಾಜರಿ ಯಂತ್ರಕ್ಕೆ ಬೆಚ್ಚಗಿನ ಬೆರಳು ಬೇಕು. ತಣ್ಣಗಿನ ಬೆರಳನ್ನು ಅದು ಮನುಷ್ಯರದೆಂದು ಒಪ್ಪುವುದೇ ಇಲ್ಲ. ಅದೇ ಬೆರಳನ್ನು ದಿನಕ್ಕೆ ಎಂಟು ಗಂಟೆ ಮಂಜುಗಡ್ಡೆ ಮಾಡುವುದು ಮಾತ್ರ ಅದೇ ಕಾರ್ಖಾನೆ.

ಒಳಗೆ ಬಟಾಣಿ ಹೆಪ್ಪುಗಟ್ಟಿಸುತ್ತಾರೆ. ಗೋಲಿಯ ಹಾಗೆ ಗಟ್ಟಿಯಾದ ಹಸಿರು ಕಾಳು ರಬ್ಬರ್ ಪಟ್ಟಿಯ ಮೇಲೆ ಹರಿದುಬರುತ್ತದೆ. ಎರಡೂ ಬದಿಯಲ್ಲಿ ನಿಂತ ಹೆಂಗಸರು ಅದರೊಳಗಿನ ಕಪ್ಪು ಕಾಳು, ಸಿಪ್ಪೆ, ಕಲ್ಲು ಹೆಕ್ಕಬೇಕು. ಕೈಗೆ ದಪ್ಪನೆಯ ಗ್ಲೌಸು ಕೊಡುತ್ತಾರೆ. ಆ ಗ್ಲೌಸು ಹಾಕಿಕೊಂಡು ಬಟಾಣಿ ಹೆಕ್ಕುವುದೆಂದರೆ ಸೌಟಿನಿಂದ ಸೂಜಿ ಹಿಡಿದ ಹಾಗೆ. ಅದಕ್ಕೇ ಹೊಸ ಗ್ಲೌಸು ಕೈಗೆ ಬಂದ ತಕ್ಷಣ ಎಲ್ಲರೂ ಮಾಡುವ ಮೊದಲ ಕೆಲಸ ಒಂದೇ: ಹೆಬ್ಬೆರಳಿನ, ತೋರುಬೆರಳಿನ ತುದಿ ಕತ್ತರಿಸಿ ಎಸೆಯುವುದು. ಕತ್ತರಿಯನ್ನು ಸೂಪರ್‌ವೈಸರೇ ಕೊಡುತ್ತಾನೆ. ತಪಾಸಣೆಯವರು ಬಂದ ದಿನ ಕತ್ತರಿಸದ ಗ್ಲೌಸೂ ಅವನೇ ಕೊಡುತ್ತಾನೆ.

ಈ ಹೆಂಗಸರ ನಡುವೆ ಐಸಕ್ಕ ಅನ್ನುವವಳು ಒಬ್ಬಳು. ಹುಟ್ಟಿದಾಗ ಇಟ್ಟ ಹೆಸರು ಯಂತ್ರದೊಳಗಿದೆ, ಯಾರ ಬಾಯಲ್ಲೂ ಇಲ್ಲ. ಯಾರಾದರೂ ಅವಳ ಕೈ ಮುಟ್ಟಿದರೆ ಬೆಚ್ಚಿಬೀಳುತ್ತಿದ್ದರು, ಹಾಗೆ ಬಂದ ಹೆಸರು. ಪಕ್ಕದಲ್ಲೇ ನಿಲ್ಲುವ ಕನ್ನಡಕದಕ್ಕ ಮೊದಲ ದಿನವೇ, "ಏನೇ ತಾಯಿ, ನಿನ್ನನ್ನೂ ಬಟಾಣಿ ಜೊತೆ ಪ್ಯಾಕ್ ಮಾಡಿ ಕಳಿಸಿಬಿಡ್ಬಹುದು ಕಣೆ, ಕೆಡಲ್ಲ!" ಅಂದಿದ್ದಳು. ಪಟ್ಟಿಯ ಸುತ್ತ ನಿಂತವರೆಲ್ಲ ನಕ್ಕಿದ್ದರು. ಐಸಕ್ಕನೂ ನಕ್ಕಿದ್ದಳು.

ಈಗ ನಗು ಬರುತ್ತಿರಲಿಲ್ಲ. ಚಳಿ ತಾಗಿತೆಂದರೆ ಬೆರಳುಗಳು ಬುಡದಿಂದ ತುದಿಯವರೆಗೆ ಮೇಣದ ಬತ್ತಿಯ ಹಾಗೆ ಬೆಳ್ಳಗಾಗುತ್ತಿದ್ದವು. ಆಮೇಲೆ ನೀಲಿ. ಮನೆಗೆ ಬಂದು ಒಂದು ಗಂಟೆಯಾದ ಮೇಲೆ ಕೆಂಪಾಗಿ, ಒಳಗಿನಿಂದ ಯಾರೋ ಸೂಜಿಯಲ್ಲಿ ತಿವಿದ ಹಾಗೆ ಉರಿಯುತ್ತಿದ್ದವು. ಕಾಲಿಗೆ ಎರಡೆರಡು ಜೊತೆ ಕಾಲುಚೀಲ ಹಾಕಿದರೂ ಹೆಜ್ಜೆ ಇಟ್ಟದ್ದು ನೆಲದ ಮೇಲೋ ಹತ್ತಿಯ ಮೇಲೋ ತಿಳಿಯುತ್ತಿರಲಿಲ್ಲ. ಬೆಳಿಗ್ಗೆ ಅವಳ ರವಿಕೆಯ ಗುಂಡಿ ಹಾಕುವವಳು ಮಗಳು. ಫ್ರಿಜ್ಜಿನ ಬಾಗಿಲು ತೆಗೆಯುವವಳೂ ಮಗಳೇ.

ಗಂಡನಿಗೆ ಬೀದಿಯ ಮೂಲೆಯಲ್ಲೊಂದು ಕ್ಷೌರದಂಗಡಿ. ದಿನವಿಡೀ ಜನರ ಚರ್ಮವನ್ನು ಹತ್ತಿರದಿಂದ ನೋಡುವವನು. ಒಂದು ಸಂಜೆ ಹೆಂಡತಿಯ ಕೈಯನ್ನು ಅಂಗಡಿಯ ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದ.

"ಈ ಬೆರಳಿನ ತುದಿಯಲ್ಲಿ ಚರ್ಮ ಹೊಳೀತಾ ಇದೆಯಲ್ಲೇ. ಬಿಗಿದುಕೊಂಡಿದೆ. ನಾಳೆ ಡಾಕ್ಟ್ರ ಹತ್ರ ಹೋಗೋಣ."

"ನಾಳೆ ಹಾಜರಿ ಇದೆ ರೀ."

"ಹಾಜರಿ ಮನೆ ಹಾಳಾಗ. ಸಂಜೆ ಹೋಗೋಣ."

ಹಾಜರಿಯ ಲೆಕ್ಕ ಅವಳ ತಲೆಯಲ್ಲಿ ಗಡಿಯಾರದ ಹಾಗೆ ಓಡುತ್ತಿತ್ತು. ಒಂದು ವರ್ಷ ಒಂದು ದಿನವೂ ತಪ್ಪದೆ ಬಂದವರು ಕಾಯಂ. ಕಾಯಂ ಆದವರು ಅರ್ಜಿ ಕೊಟ್ಟು ಚೀಟಿ ಅಂಟಿಸುವ ಕೋಣೆಗೆ ಹೋಗಬಹುದು. ಅಲ್ಲಿ ಚಳಿಯಿಲ್ಲ, ಕಿಟಕಿಯಿಂದ ಬಿಸಿಲು ಬೀಳುತ್ತದೆ. ಕಾಯಂ ಆಗದವರು ವಿಭಾಗ ಬದಲಿಸಿದರೆ ಹೊಸಬರೆಂದು ಲೆಕ್ಕ, ಮತ್ತೆ ಒಂದರಿಂದ ಶುರು. ಐಸಕ್ಕನಿಗೆ ಇನ್ನು ಹದಿನೇಳು ದಿನ ಉಳಿದಿತ್ತು. ಹದಿನೇಳು ದಿನ ಈ ಬೆರಳು ತಾಳಿದರೆ ಆಮೇಲೆ ಜನ್ಮವಿಡೀ ಬೆಚ್ಚಗಿರಬಹುದು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. ಉಗುರಿನ ಬುಡವನ್ನು ಒತ್ತಿ ಬಿಟ್ಟು, ರಕ್ತ ಮರಳಿ ಬರುವುದನ್ನು ಕಾದರು. ಅದು ಬರಲು ತುಂಬ ಹೊತ್ತು ಹಿಡಿಯಿತು.

"ಚಳಿ ತಾಗಿದ್ರೆ ನಿಮ್ಮ ಬೆರಳಿನ ರಕ್ತನಾಳ ಮುಚ್ಚಿಕೊಂಡುಬಿಡುತ್ತೆ ಅಮ್ಮ. ಸ್ವಲ್ಪ ಅಲ್ಲ, ಪೂರ್ತಿ. ಮಾತ್ರೆ ಕೊಡ್ತೀನಿ. ಆದ್ರೆ ಆ ಕೆಲಸ ಬಿಡಬೇಕು."

"ಹದಿನೇಳು ದಿನ ಆದ್ಮೇಲೆ ಬಿಡ್ತೀನಿ ಡಾಕ್ಟ್ರೇ."

"ಹದಿನೇಳು ದಿನ ಕಾಯ್ತೀನಿ ಅಂತ ಬೆರಳು ಹೇಳಿದೆಯಾ?" ಅವರು ಚೀಟಿ ಬರೆಯುತ್ತಲೇ ಕೇಳಿದರು. "ಇನ್ನೊಂದು. ಮರಗಟ್ಟಿದ ಕೈಯನ್ನ ಬಿಸಿನೀರಿಗೆ ಹಾಕ್ಬೇಡಿ. ಸುಡ್ತಿದೆ ಅಂತ ನಿಮಗೆ ಗೊತ್ತೇ ಆಗಲ್ಲ. ಈ ಬೆರಳಲ್ಲಿ ಗಾಯ ಆದ್ರೆ ಮಾಯೋದು ಕಷ್ಟ."

ಅವರು ಬರೆದುಕೊಟ್ಟ ಪತ್ರವನ್ನು ಸೂಪರ್‌ವೈಸರು ನಿಂತಲ್ಲೇ ಓದಿದ. ಕೆಟ್ಟವನಂತೆ ಕಾಣುವವನಲ್ಲ. ಎಲ್ಲರನ್ನೂ ಅಕ್ಕ ಅಂತಲೇ ಕರೆಯುವವನು.

"ಬೆಚ್ಚಗಿರೋ ಜಾಗ ಬೇಕಂತೆ. ನಂಗೂ ಬೇಕು ಅಕ್ಕ, ಇಬ್ರೂ ಅರ್ಜಿ ಹಾಕೋಣ," ಎಂದು ನಕ್ಕ. ಆಮೇಲೆ ದನಿ ತಗ್ಗಿಸಿ, "ಈ ಪತ್ರ ನಾನು ಮೇಲೆ ಕಳಿಸಿದ್ರೆ ನಿಮ್ಮನ್ನ ಇವತ್ತೇ ಇಲ್ಲಿಂದ ತೆಗೀತಾರೆ. ಕಳಿಸ್ಲಾ?" ಎಂದ.

ಅವಳು ಪತ್ರ ವಾಪಸು ತೆಗೆದುಕೊಂಡಳು. ಬಟಾಣಿ ಹೆಕ್ಕುವ ಆ ಸಭಾಂಗಣದಂಥ ಕೋಣೆಯ ನಾಲ್ಕೂ ಮೂಲೆಯಲ್ಲಿ ಉಷ್ಣಮಾಪಕಗಳಿವೆ. ಬಟಾಣಿಗೆ ಎರಡು ಡಿಗ್ರಿ ಹೆಚ್ಚಾದರೆ ಗಂಟೆ ಬಾರಿಸುತ್ತದೆ, ಮೂರು ಜನ ಓಡಿಬರುತ್ತಾರೆ. ಬೆರಳಿಗೆ ಅಂಥ ಗಂಟೆ ಕಟ್ಟುವ ಯೋಚನೆ ಯಾರ ತಲೆಗೂ ಹೊಳೆದಿಲ್ಲ. ಹೊಳೆದರೂ ಯಾರು ಓಡಿಬರಬೇಕು?

ಹನ್ನೆರಡು ದಿನ ಉಳಿದಿದ್ದ ಬೆಳಿಗ್ಗೆ ಗಾಳಿ ಬೀಸುತ್ತಿತ್ತು. ಐಸಕ್ಕ ದಾರಿಯುದ್ದಕ್ಕೂ ಬೆರಳನ್ನು ಕಂಕುಳಲ್ಲೇ ಇಟ್ಟುಕೊಂಡು ಬಂದಿದ್ದಳು. ಯಂತ್ರ ಕೆಂಪು ದೀಪ ಹಾಕಿತು. "ದಯವಿಟ್ಟು ಬೆರಳನ್ನು ಸರಿಯಾಗಿ ಇಡಿ," ಎಂದಿತು, ಮಗುವಿಗೆ ಅನ್ನ ತಿನ್ನಿಸುವಂಥ ಹೆಣ್ಣುದನಿಯಲ್ಲಿ. ಎರಡನೆಯ ಸಲವೂ ಕೆಂಪು. ಮೂರನೆಯದೂ ತಪ್ಪಿದರೆ ಗೈರುಹಾಜರಿ. ಹಿಂದೆ ಸಾಲಿನಲ್ಲಿ ಮೂವತ್ತು ಜನ.

"ಪಕ್ಕಕ್ಕೆ ಬಾ, ಬಿಸಿ ಮಾಡ್ಕೊಂಡು ಬಾ, ಉಳಿದವರು ಹೋಗ್ಲಿ," ಎಂದಳು ಕನ್ನಡಕದಕ್ಕ.

ಗೇಟಿನ ಪಕ್ಕದ ಚಹಾದಂಗಡಿಯಲ್ಲಿ ಸ್ಟೀಲ್ ಲೋಟವನ್ನು ಅಪ್ಪಿ ಹಿಡಿಯುವುದು ಎಲ್ಲರ ರೂಢಿ. ಆದರೆ ಲೋಟದ ಬಿಸಿ ಬೆರಳಿಗೆ ಇಳಿಯುವವರೆಗೆ ಕಾಯುವಷ್ಟು ಹೊತ್ತಿರಲಿಲ್ಲ. ಗೇಟು ಮುಚ್ಚಲು ಎರಡೇ ನಿಮಿಷ. ಐಸಕ್ಕ ತೋರುಬೆರಳನ್ನು ಚಹಾದೊಳಗೇ ಅದ್ದಿದಳು. ಡಾಕ್ಟರು ಹೇಳಿದ್ದು ಬಿಸಿನೀರು. ಇದು ಚಹಾ, ಕುಡಿಯುವ ವಸ್ತು, ಅದೂ ಒಂದೇ ಒಂದು ಬೆರಳು. ಬಿಸಿ ತಾಗಿದ ಕೂಡಲೇ ತೆಗೆದರಾಯಿತು ಅಂದುಕೊಂಡಳು. ಹತ್ತರವರೆಗೆ ಎಣಿಸಿದಳು. ಬಿಸಿ ತಾಗಲಿಲ್ಲ. ಇಪ್ಪತ್ತರವರೆಗೆ ಎಣಿಸಿದಳು.

"ಅಯ್ಯೋ ಅಕ್ಕಾ, ಈಗಷ್ಟೇ ಕುದಿ ಬಂದಿದ್ದು ಅದು!" ಚಹಾದವನು ಲೋಟ ಕಿತ್ತುಕೊಂಡ.

ಬೆರಳು ಚೆಂದದ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ತಿಂಗಳುಗಳಿಂದ ಅದು ಅಷ್ಟು ಜೀವಂತವಾಗಿ ಕಂಡಿರಲಿಲ್ಲ. ಓಡಿಹೋಗಿ ಯಂತ್ರಕ್ಕೆ ಒತ್ತಿದಳು. ಹಸಿರು. "ಧನ್ಯವಾದಗಳು," ಎಂದಿತು ಯಂತ್ರ.

ನೋವು ಮಧ್ಯಾಹ್ನದ ಹೊತ್ತಿಗೆ ಬಂತು, ಬೊಬ್ಬೆ ಸಂಜೆಗೆ. ಮರುದಿನ ಬೆರಳಿನ ತುದಿಯ ಚರ್ಮ ಒದ್ದೆ ಕಾಗದದಂತೆ ಸಡಿಲಾಗಿತ್ತು. ಗೆರೆಗಳೇ ಇರಲಿಲ್ಲ. ಯಂತ್ರ ಮೂರು ಸಲವೂ ಕೆಂಪು. ಅವಳು ಸೂಪರ್‌ವೈಸರನ ಹತ್ತಿರ ಓಡಿದಳು.

"ಬೇರೆ ಬೆರಳು ಹಾಕೋಕಾಗಲ್ವಾ ಸಾರ್?"

"ಬೇರೆ ಬೆರಳು ಅಂದ್ರೆ ಹೊಸ ನೋಂದಣಿ ಅಕ್ಕ. ಹೊಸ ನಂಬರು, ಹೊಸ ತಾರೀಕು." ಸೂಪರ್‌ವೈಸರು ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದ. "ಗಾಬರಿ ಬೇಡ. ದಿನಾ ಬನ್ನಿ, ಕೆಲಸ ಮಾಡಿ. ನಾನು ಇದರಲ್ಲಿ ಬರ್ಕೋತೀನಿ. ಕೊನೆಗೆ ನಾನೇ ಮೇಲೆ ಮಾತಾಡ್ತೀನಿ."

ಹನ್ನೊಂದು ದಿನ ಅವನು ಅವಳ ಕಣ್ಣೆದುರೇ ಬರೆದುಕೊಂಡ. ಹನ್ನೊಂದು ದಿನ ಅವಳು ಬಟ್ಟೆ ಸುತ್ತಿದ ಬೆರಳನ್ನು ಮೇಲೆತ್ತಿ ಹಿಡಿದು, ಉಳಿದ ಬೆರಳುಗಳಿಂದ ಕಾಳು ಹೆಕ್ಕಿದಳು. ಡಾಕ್ಟರ ಹತ್ತಿರ ಹೋಗಲಿಲ್ಲ. ಹೋದರೆ ಕೆಲಸ ಬಿಡು ಅನ್ನುತ್ತಾರೆಂದು ಗೊತ್ತಿತ್ತು. ರಾತ್ರಿಯೂಟದ ಮೊದಲು ಗಂಡ ಬಟ್ಟೆ ಬಿಚ್ಚಿ ತೊಳೆದು ಬೇರೆ ಕಟ್ಟುತ್ತಿದ್ದ. ಮೊದಮೊದಲು ತಮಾಷೆ ಮಾಡುತ್ತಿದ್ದ, "ನನ್ನ ಗಿರಾಕಿಗಳೂ ಇಷ್ಟು ಸೇವೆ ಮಾಡಿಸ್ಕೊಳ್ಳಲ್ಲ ಮಹರಾಯ್ತಿ." ಏಳನೆಯ ದಿನ ಬಟ್ಟೆ ಬಿಚ್ಚಿದವನು ಬೆರಳನ್ನು ದೀಪದ ಹತ್ತಿರ ಹಿಡಿದ. ಬೆರಳಿನ ತುದಿ ನೇರಳೆಯಿಂದ ಕಪ್ಪಿಗೆ ತಿರುಗುತ್ತಿತ್ತು. ಪಟ್ಟಿಯಿಂದ ಹೆಕ್ಕಿ ಎಸೆಯುವ ಕಾಳಿನ ಬಣ್ಣ.

"ನೋಯುತ್ತಾ?"

"ಇಲ್ಲ ರೀ. ನಿನ್ನೆಯಿಂದ ನೋವೇ ಇಲ್ಲ."

ಅವನು ಅದನ್ನು ಒಳ್ಳೆಯ ಸುದ್ದಿಯೆಂದು ತೆಗೆದುಕೊಳ್ಳಲಿಲ್ಲ. "ನಾಳೆ ಹೋಗ್ಬೇಡ," ಎಂದ. ಹೋಗಬೇಡವೆಂದು ಆಮೇಲೆ ದಿನವೂ ಹೇಳಿದ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ.

ವರ್ಷ ತುಂಬಿದ ಮರುದಿನ, ಶನಿವಾರ, ಐಸಕ್ಕ ತಲೆಗೆ ಎಣ್ಣೆ ಹಾಕಿ ಬಾಚಿಕೊಂಡು ಹಾಜರಿ ಯಂತ್ರದ ಪಕ್ಕದ ಸೂಪರ್‌ವೈಸರನ ಮೇಜಿನ ಮುಂದೆ ನಿಂತಳು. ಅವನು ಪುಟ್ಟ ಪುಸ್ತಕವನ್ನು ಆಫೀಸಿಗೆ ಒಯ್ದು, ಹತ್ತು ನಿಮಿಷದಲ್ಲಿ ಹೊರಬಂದ.

"ಕೈಬರಹದ ಹಾಜರಿ ನಡೆಯಲ್ವಂತೆ ಅಕ್ಕ. ಯಂತ್ರದಲ್ಲಿ ಇಲ್ಲದ್ದು ಇಲ್ಲ ಅಂತಾರೆ."

"ನಾನು ಬಂದಿಲ್ವಾ? ಹನ್ನೊಂದು ದಿನ ನಾನು ಒಳಗೆ ನಿಂತಿರ್ಲಿಲ್ವಾ?"

"ಬಂದಿದ್ರಿ. ನಂಗೊತ್ತು."

"ನಡೆಯಲ್ಲ ಅಂತ ಗೊತ್ತಿದ್ದೂ ಬರ್ಕೊಂಡ್ಯೇನೋ ಪಾಪಿ?" ಬಾಗಿಲಲ್ಲಿ ನಿಂತಿದ್ದ ಕನ್ನಡಕದಕ್ಕ ಕೂಗಿದಳು. "ಅವಳ ಕೈ ನೋಡು! ಬಿಚ್ಚೇ, ತೋರಿಸೇ ಅವನಿಗೆ!"

ಐಸಕ್ಕ ಬಿಚ್ಚಲಿಲ್ಲ. ಅವನೂ ನೋಡಲಿಲ್ಲ. ಯಂತ್ರದ ಕಡೆ ತಿರುಗಿ, ಕೀಲಿ ತಿರುಗಿಸಿ, ಹೊಸ ನೋಂದಣಿಯ ಪರದೆ ತೆರೆದ. "ಇವತ್ತೇ ಹಾಕಿದ್ರೆ ಇವತ್ತೇ ಮೊದಲ ದಿನ. ಯಾವ ಬೆರಳು?"

ಅವಳು ತನ್ನ ಎಡಗೈಯನ್ನು ನೋಡಿದಳು. ತೋರುಬೆರಳು, ಹೆಬ್ಬೆರಳು ಹೆಕ್ಕುವುದಕ್ಕೆ ಬೇಕು. ನಡುಬೆರಳು ಆಗಲೇ ಹೊಳೆಯುತ್ತಿತ್ತು. ಕಿರುಬೆರಳನ್ನು ಮುಂದೆ ಮಾಡಿದಳು. ಅದು ಗ್ಲೌಸಿನೊಳಗೇ ಇರುವ ಬೆರಳು. ಯಂತ್ರ ಮೂರು ಸಲ ಒತ್ತಿಸಿಕೊಂಡು, ಸ್ವಾಗತ ಎಂದಿತು. ಕನ್ನಡಕದಕ್ಕ ಮುಖ ತಿರುಗಿಸಿ ಒಳಗೆ ಹೋದಳು.

ಅಂದು ಸಂಜೆ ಗಂಡ ಅವಳನ್ನು ಕೈಹಿಡಿದು ಎಳೆದೊಯ್ಯಬೇಕಾಯಿತು. ಡಾಕ್ಟರು ಬಟ್ಟೆ ಬಿಚ್ಚಿದರು. ಕಪ್ಪು ಮೊದಲ ಗೆಣ್ಣಿನವರೆಗೆ ಇಳಿದಿತ್ತು. ಒಣಗಿ ಗಟ್ಟಿಯಾಗಿ, ಬೆರಳಿನದಲ್ಲದ ಯಾವುದೋ ವಸ್ತುವಿನಂತೆ ಅಂಟಿಕೊಂಡಿತ್ತು. ಅವರು ಬೈಯಲಿಲ್ಲ, ಅದರಿಂದಲೇ ಗಂಡನಿಗೆ ಹೆಚ್ಚು ಭಯವಾಯಿತು.

"ಇಷ್ಟನ್ನ ತೆಗೀಬೇಕು," ಎಂದು ಪೆನ್ನಿನ ತುದಿಯಿಂದ ಗೆರೆ ತೋರಿಸಿದರು. "ದೊಡ್ಡಾಸ್ಪತ್ರೆಗೆ ಬರ್ಕೊಡ್ತೀನಿ. ಆಮೇಲೆ ಮೂರು ವಾರ ಆ ಚಳಿಕೋಣೆ ಬಾಗಿಲನ್ನೂ ನೋಡ್ಕೂಡದು. ಉಳಿದ ಬೆರಳುಗಳ ಮಾತು ಹೇಳ್ತಿದ್ದೀನಿ ನಾನು. ಕೇಳಿಸ್ತಾ?"

ಐಸಕ್ಕ ತಲೆಯಾಡಿಸಿದಳು. ಎಡಗೈಯ ಕಿರುಬೆರಳನ್ನು ಆಗಲೇ ಕಂಕುಳಲ್ಲಿ ಸಿಕ್ಕಿಸಿಕೊಂಡಿದ್ದಳು.

"ನಾಳೆ ಭಾನುವಾರ ಅಲ್ವಾ ಡಾಕ್ಟ್ರೇ," ಎಂದಳು. "ನಾಳೆಯೇ ತೆಗೀತಾರಾ? ಸೋಮವಾರ ನಂಗೆ ಎರಡನೇ ದಿನ."