ಅಜೀಮಣ್ಣನ ಜ್ವಾಲಾಮುಖಿ

ನಮ್ಮ ಪಕ್ಕದ ಮನೆಯ ಅಜೀಮಣ್ಣ ಚಿತ್ರದುರ್ಗದ ಕೋಟೆಯಲ್ಲಿ ಮೂವತ್ತು ವರ್ಷದಿಂದ ಗೈಡ್. ಯಾರಾದರೂ ಗೈಡ್ ಬೇಡವೆಂದು ಮುಂದೆ ನಡೆದರೆ ಸಾಕು, ಬಾಗಿಲಲ್ಲೇ ಅವರ ಉತ್ಸಾಹಕ್ಕೆ ತಣ್ಣೀರು ಎರಚುತ್ತಿದ್ದರು.

"ಹೋಗ್ರಿ ಸಾರ್. ಗೈಡ್ ಇಲ್ದಿದ್ರೆ ಒಳಗೆ ಬರೀ ಕಲ್ಲು ಅವೆ."

ಇಂಥ ಮನುಷ್ಯ ಹೋದ ವರ್ಷ, ಇಂಡೋನೇಷ್ಯಾಕ್ಕೆ ಹೋಗಿ ಜ್ವಾಲಾಮುಖಿ ಹತ್ತುತ್ತೇನೆಂದು ಹಟ ಹಿಡಿದರು. ಅದೂ ಗೈಡ್ ಇಲ್ಲದೆ.

"ನೀವೇ ಗೈಡ್ ಬೇಡ ಅಂದ್ರೆ ಹೆಂಗಣ್ಣ?" ಎಂದೆ.

"ಗೈಡ್‌ಗಳು ಎಷ್ಟು ಬುರುಡೆ ಬಿಡ್ತಾರೆ ಅಂತ ನನಗೆ ಗೊತ್ತಿಲ್ವೇನಪ್ಪ?"

ನನಗೆ ಸಿಟ್ಟೇ ಬಂತು. ನನ್ನ ಮದುವೆಗೆ ಬಂದ ಬೀಗರಿಗೆಲ್ಲ ಕೋಟೆ ತೋರಿಸುತ್ತ ಇವರು ಹೇಳಿದ್ದನ್ನು ನಾನು ಅಲ್ಲಿಯತನಕ ಇತಿಹಾಸವೆಂದೇ ನಂಬಿದ್ದೆ.

ಪಾಸ್‌ಪೋರ್ಟ್ ಬಂತು, ಬೂಟು ಬಂತು. ಅಲ್ಲಿಯ ಬಸ್ಸು, ರೂಮು, ಬೆಟ್ಟದ ದಾರಿ ಎಲ್ಲವನ್ನೂ ಮೊಬೈಲಿನಲ್ಲಿ ಹುಡುಕಿಟ್ಟರು. ಗಂಧಕದ ಹೊಗೆಗೆಂದು ದೊಡ್ಡ ಮಾಸ್ಕ್ ತರಿಸಿ, ಅಭ್ಯಾಸವಾಗಲೆಂದು ಅದನ್ನು ಹಾಕಿಕೊಂಡೇ ಹಾಲು ತರಲು ಹೋಗಿ, ಬೀದಿನಾಯಿಗಳಿಂದ ಅಟ್ಟಿಸಿಕೊಂಡರು. ಇನ್ನು ಬೇಕಾಗಿದ್ದುದು ಹೆಂಡತಿ ನೂರುನ್ನೀಸಾ ಅಕ್ಕನ ಒಪ್ಪಿಗೆ ಒಂದೇ. ಪಾಸ್‌ಪೋರ್ಟ್ ಇದ್ದ ಬೀರುವಿನ ಕೀಲಿ ಅವರ ಸೊಂಟದಲ್ಲಿತ್ತು.

"ಗೊತ್ತಿಲ್ಲದ ಗುಡ್ಡ ಹೆಂಗೆ ಹತ್ತುತೀರಿ, ನಾನು ನೋಡ್ಬೇಕು. ಆಮೇಲೆ ಪಾಸ್‌ಪೋರ್ಟ್" ಎಂದರು ಅಕ್ಕ.

ಕೋಟೆಯಲ್ಲಾದರೆ ಅಜೀಮಣ್ಣ ಕಣ್ಣು ಮುಚ್ಚಿಯೂ ಹತ್ತುತ್ತಾರೆ. ಅದಕ್ಕೇ ಅಕ್ಕ ಮಾಡದಕೆರೆಯ ಆಚೆ, ಅವರು ಎಂದೂ ಕಾಣದ ಒಂದು ಕುರುಚಲು ಗುಡ್ಡ ಆರಿಸಿದರು. ಭಾನುವಾರ ಬೆಳಿಗ್ಗೆ ಕಾರು ಓಡಿಸುವ ಕೆಲಸ ನನ್ನ ತಲೆಗೆ ಬಂತು.

ಅಜೀಮಣ್ಣ ಮುಂದೆ, ನಾವಿಬ್ಬರು ಹಿಂದೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅವರು ನಮ್ಮ ಕಡೆ ತಿರುಗಿ, ಕೈ ಎತ್ತಿ ಮಾತಾಡುತ್ತ, ಹಿಂದುಹಿಂದಕ್ಕೆ ಹೆಜ್ಜೆಯಿಟ್ಟು ಹತ್ತತೊಡಗಿದರು. ಮೂವತ್ತು ವರ್ಷ ಪ್ರವಾಸಿಗಳ ಮುಖ ನೋಡುತ್ತಲೇ ಬೆಟ್ಟ ಹತ್ತಿದ ಕಾಲುಗಳು, ಏನು ಮಾಡುತ್ತವೆ? ಕೋಟೆಯ ಮೆಟ್ಟಿಲೆಲ್ಲ ಅವರ ಹಿಮ್ಮಡಿಗೆ ಗೊತ್ತಿತ್ತು. ಇಲ್ಲಿಯದು ಗೊತ್ತಿರಲಿಲ್ಲ.

"ಎಡಗಡೆ ಕಾಣೋ ಈ ಬಂಡೆ ಮೇಲೆ ಪಾಳೇಗಾರರು..." ಎನ್ನುತ್ತಿದ್ದಂತೆ ಎಡವಿ, ಮುಳ್ಳಿನ ಪೊದೆಯೊಳಗೆ ಕುಕ್ಕರಿಸಿದರು.

ನಾನು ಬಿದ್ದು ಬಿದ್ದು ನಕ್ಕೆ. ಮುಳ್ಳು ಕೀಳುತ್ತಿದ್ದ ಅಕ್ಕ ನಗಲಿಲ್ಲ.

"ಇಲ್ಲಿ ಬೆನ್ನ ಹಿಂದೆ ಮುಳ್ಳಿತ್ತು. ಅಲ್ಲಿ ಬೆಂಕಿ ಇರ್ತೈತೆ."

ಅಜೀಮಣ್ಣ ಬೂಟಿನ ಲೇಸು ಬಿಚ್ಚತೊಡಗಿದರು. "ಇಷ್ಟು ವರ್ಷ ಬೇರೆಯವರಿಗೆ ತೋರಿಸಿದ್ದೇ ಆಯ್ತು. ಒಂದು ಬೆಟ್ಟನಾದ್ರೂ ನಾನು ನೋಡಾಣ ಅಂತಿದ್ದೆ" ಎಂದರು. ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು.

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನನ್ನು ದಾಟಿ ಮುಂದೆ ಹೋಗಿ ನಿಂತರು.

"ಏಳ್ರಿ. ನಾನು ಮುಂದೆ ನಡೀತೀನಿ, ನೀವು ಬೆಟ್ಟ ನೋಡ್ಕೊಂಡು ಹಿಂದೆ ಬರ್ರಿ. ಅಲ್ಲೂ ಹಿಂಗೇ."

ಅಜೀಮಣ್ಣ ಲೇಸು ಮತ್ತೆ ಕಟ್ಟುತ್ತ, "ಗೈಡ್ ಬೇಡ ಅಂದಿದ್ನಲ್ಲ" ಎಂದು ಗೊಣಗಿದರು.

ಅಕ್ಕ ಹಿಂದಕ್ಕೆ ತಿರುಗದೆ ಹತ್ತುತ್ತಲೇ ಹೇಳಿದರು:

"ಗೈಡ್ ಇಲ್ದಿದ್ರೆ ಬರೀ ಕಲ್ಲು ಅವೆ, ಸಾರ್."