ಚಪ್ಪಲಿಗಳ ನಡುವೆ ನಿಂತ ಕಾಲು

ಸನಾವುಲ್ಲಾ ಅವರ ಕೃತಕ ಕಾಲಿನ ಕಾರ್ಖಾನೆಗೆ ಬಂದವರನ್ನು ಮೊದಲು ಕೇಳುತ್ತಿದ್ದದ್ದು ಎಷ್ಟು ದೂರ ನಡೆಯಬೇಕು ಎಂದಲ್ಲ, ಹೇಗೆ ಕೂರುತ್ತೀರಿ ಎಂದು. ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಗದ ಕೈ ಮಾಡುವವನ ಪಕ್ಕದಲ್ಲಿದ್ದ ಉದ್ದನೆಯ ಕೋಣೆ ಅದು. ಒಳಗೆ ಹೋದರೆ ಪ್ಲಾಸ್ಟರಿನ ಬಿಳಿ ಪುಡಿ ಹರಡಿದ ನೆಲ, ಬಿಸಿ ಪ್ಲಾಸ್ಟಿಕ್ಕಿನ ವಾಸನೆ, ಗೋಡೆಗೆ ಒರಗಿ ನಿಂತ ಕಾಲುಗಳು. ಟೈಲರ್‌ಗೆ ಪೆಡಲು ತುಳಿಯಬೇಕು. ಅಡುಗೆಯವಳಿಗೆ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂರಬೇಕು. ಮಸೀದಿಗೆ ಹೋಗುವವರಿಗೆ ಮಂಡಿ ಪೂರ್ತಿ ಮಡಚಬೇಕು.

ಮಂಡಿಯ ಕೆಳಗೆ ಕಾಲು ಹೋದವರಿಗೆ, ಉಳಿದ ಮೋಟು ಕೂರುವಂಥ ಒಂದು ಗಟ್ಟಿ ಬಟ್ಟಲು ಮಾಡಬೇಕಾಗುತ್ತದೆ. ಬಟ್ಟಲಿನ ಹಿಂಬದಿಯ ಅಂಚು ಎತ್ತರವಿದ್ದರೆ ಹಿಡಿತ ಚೆನ್ನಾಗಿರುತ್ತದೆ, ಆದರೆ ಮಂಡಿ ಮಡಚುವುದಿಲ್ಲ. ಅಂಚನ್ನು ಎರಡು ಬೆರಳಿನಷ್ಟು ಇಳಿಸಿ ಕತ್ತರಿಸಿ, ಮಂಡಿಯ ಮೇಲೊಂದು ಪಟ್ಟಿ ಬಿಗಿದರೆ, ಮಡಚುತ್ತದೆ. ನಮಾಜು ಮಾಡುವವರಿಗಾಗಿ ಸನಾವುಲ್ಲಾ ಹುಡುಕಿಕೊಂಡ ಉಪಾಯ. ಕಾರ್ಖಾನೆಯಲ್ಲಿ ಅದಕ್ಕೆ ‘ನಮಾಜ್ ಕಟಿಂಗ್’ ಎಂದೇ ಹೆಸರು. ಹಲಸೂರಿನ ಗುಡಿಯ ಮುಂದೆ ಹೂ ಕಟ್ಟುವ ವೆಂಕಟಮ್ಮನಿಗೂ ಅದೇ ಕಟಿಂಗ್ ಹಾಕಿದ್ದರು.

“ಶಿವನ ಮುಂದೆ ಕೂರೋಳಿಗೆ ನಮಾಜ್ ಕಾಲು ಕೊಟ್ಟಿದ್ದೀಯಲ್ಲಪ್ಪಾ ಸುಗತ, ಅವನು ನನ್ನ ಪೂಜೆ ಒಪ್ಕೋತಾನೇನೋ?” ಎಂದು ಅವಳು ನಗುತ್ತಿದ್ದಳು.

“ನಿನ್ನ ಕಾಲು ಮಡಚಿದ್ರೆ ಸಾಕಮ್ಮ, ಒಪ್ಕೊಳ್ಳೋದು ಬಿಡೋದು ಅವನ ಪಾಡು,” ಎನ್ನುತ್ತಿದ್ದ ಸನಾವುಲ್ಲಾ ಅವರ ಕೈಕೆಳಗೆ ಕಸುಬು ಕಲಿತ ಸುಗತ.

ಬೇರೆಯವರ ದೇವರ ವಿಷಯದಲ್ಲಿ ಸುಗತನಿಗೆ ಯಾವ ತಕರಾರೂ ಇರಲಿಲ್ಲ. ಅವನ ತಕರಾರು ತನ್ನವರೊಂದಿಗೆ ಮಾತ್ರ.

ಅವನ ಅಪ್ಪ ವೆಂಕಟಸ್ವಾಮಿ ದೊಡ್ಡನೆಕ್ಕುಂದಿಯ ಕಡೆಯವರು. ಹುಡುಗನಾಗಿದ್ದಾಗ ಸಾಹುಕಾರರ ಬೀದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಬೆನ್ನು ಬಗ್ಗಿಸಿ ನಡೆದವರು. ವಿಮಾನಪುರದ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಹಲಸೂರಿಗೆ ಬಂದ ಮೇಲೆ, ಮದುವೆಯಾದ ವರ್ಷವೇ ಬೌದ್ಧ ದೀಕ್ಷೆ ತೆಗೆದುಕೊಂಡರು. ಹುಟ್ಟಿದ ಮಗನಿಗೆ ಸುಗತ ಎಂದು ಹೆಸರಿಟ್ಟರು. ಮನೆಯಲ್ಲಿ ಬುದ್ಧನ ಪಟದ ಮುಂದೆ ನಿಂತು ಕೈ ಮುಗಿಯುವುದು, ನಿಂತೇ ‘ಬುದ್ಧಂ ಸರಣಂ ಗಚ್ಛಾಮಿ’ ಎಂಬ ತ್ರಿಸರಣ ಹೇಳುವುದು. ತಾಯಿ ಗೋವಿಂದಮ್ಮ ಮರೆತು ನೆಲಕ್ಕೆ ಹಣೆ ಹಚ್ಚಹೋದರೆ, “ಏಳೇ, ಬೆನ್ನು ನೆಟ್ಟಗಿರ್ಲಿ. ನಾವು ಯಾರ ಮುಂದೂ ಬಗ್ಗೋರಲ್ಲ,” ಎಂದು ಗದರುತ್ತಿದ್ದರು. ಸುಗತ ಆ ಮಾತು ಕೇಳುತ್ತಲೇ ಬೆಳೆದ. ಬಿದ್ದವರನ್ನು ತನ್ನ ಕೈಯಿಂದ ಎಬ್ಬಿಸಿ ನಿಲ್ಲಿಸುವ ಕೆಲಸ ಅವನಿಗೆ ಒಗ್ಗಿದ್ದಕ್ಕೂ ಆ ಮಾತೇ ಕಾರಣವಿರಬೇಕು.

ತೊಂಬತ್ತಾರರಲ್ಲಿ ಅವರ ಬೌದ್ಧ ವಿಹಾರದ ಗುರು, ಭಂತೇ, ಒಂದು ಸುದ್ದಿ ತಂದರು. ಕಾಂಬೋಡಿಯಾದಲ್ಲಿ ಯುದ್ಧ ಮುಗಿದರೂ ಹೊಲಗಳಲ್ಲಿ ಹೂತಿಟ್ಟ ಸಿಡಿಗುಂಡುಗಳು ಇನ್ನೂ ಸಿಡಿಯುತ್ತಿವೆ, ನೂರಾರು ಬೌದ್ಧ ಬಂಧುಗಳಿಗೆ ಕಾಲಿಲ್ಲ, ಕಸುಬು ಗೊತ್ತಿರುವವರು ಸೇವೆಗೆ ಬೇಕು ಎಂದರು. ಸುಗತ ಆವತ್ತೇ ಒಪ್ಪಿದ. ಹೆಂಡತಿ ಹೇಮಶ್ರೀ, “ಇಲ್ಲಿ ಓಣೀಲಿ ಕಾಲಿಲ್ಲದೋರು ಕಮ್ಮಿ ಇದ್ದಾರೇನ್ರೀ?” ಎಂದು ಕೇಳಿದಳಾದರೂ, ಹೊರಡುವ ದಿನ ಚಟ್ನಿಪುಡಿಯ ಡಬ್ಬಿ ಕಟ್ಟಿಕೊಟ್ಟಳು. ಸನಾವುಲ್ಲಾ ತಮ್ಮ ಗರಗಸ, ಅರ, ನೇರಳೆ ಪೆನ್ಸಿಲುಗಳನ್ನೆಲ್ಲ ಬಟ್ಟೆಯಲ್ಲಿ ಸುತ್ತಿ ಕೊಟ್ಟರು.

“ನನ್ನ ಕೈ ಕೆಲ್ಸ ವಿಮಾನ ಹತ್ತುತಾ ಇದೆ ಮಿಯಾ. ಹೆಸರು ಕೆಡಿಸ್ಬೇಡ.”

“ಭಾಯ್, ನಿಮ್ಮ ಹೆಸರೇ ಹಾಕಿ ಬರ್ತೀನಿ ಬಿಡಿ, ಒಂದೊಂದು ಕಾಲಿನ ಮೇಲೂ.”

ಭಂತೇ ಜೊತೆ ಅವರ ತಂಡ ಹೋದದ್ದು ಕಾಂಬೋಡಿಯಾದ ಬಟ್ಟಂಬಾಂಗ್ ಹತ್ತಿರದ ಒಂದು ಹಳ್ಳಿಗೆ. ಬೌದ್ಧ ಮಂದಿರದ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿ ಕೆಲಸ ಶುರು ಮಾಡಿದರು. ಮುಂಜಾನೆ ಒಳಗಿನಿಂದ ಭಿಕ್ಷುಗಳು ತ್ರಿಸರಣ ಹೇಳುವುದು ಕೇಳಿಸುತ್ತಿತ್ತು. ಉಚ್ಚಾರ ಬೇರೆ, ಮಾತು ಅದೇ. ಹಲಸೂರಿನ ಓಣಿಯಲ್ಲಿ ಅಪ್ಪ ಹೇಳಿಕೊಟ್ಟ ಸಾಲುಗಳನ್ನು ಇಷ್ಟು ದೂರದಲ್ಲಿ ಇಷ್ಟು ಜನ ಹೇಳುತ್ತಿದ್ದಾರಲ್ಲ ಎಂದು ಮೊದಲ ದಿನ ಸುಗತನ ಕಣ್ಣು ತುಂಬಿ ಬಂದಿತ್ತು. ಇವರು ನನ್ನವರು ಎಂದುಕೊಂಡ. ತಪ್ಪು ಶುರುವಾದದ್ದು ಅಲ್ಲಿಯೇ ಎಂದು ಅವನಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಸೋಫಲ್ ಎಂಬ ಹೆಂಗಸು ಬಂದದ್ದು ಶಿಬಿರದ ಕೊನೆಯ ವಾರದಲ್ಲಿ. ಎಡಗಾಲು ಮಂಡಿಯ ಕೆಳಗೆ ಇರಲಿಲ್ಲ. ಸೌದೆ ತರಲು ಹೋದಾಗ ಸಿಡಿದದ್ದು. ಗಂಡ, ಇಬ್ಬರು ಮಕ್ಕಳು ಯುದ್ಧದಲ್ಲಿ ಹೋಗಿದ್ದರು. ಉಳಿದಿದ್ದ ಒಬ್ಬ ಮಗ ಮಳೆಗಾಲ ಹಿಡಿಯುವ ಮುಂಚೆ ಅದೇ ಮಂದಿರದಲ್ಲಿ ಭಿಕ್ಷುವಾಗುವವನಿದ್ದ. ದುಭಾಷಿಯಾಗಿ ನಿಂತಿದ್ದವರು ಊರಿನ ಶಾಲೆಯ ಮೇಷ್ಟರು ಸೊವಾನ್, ಇಂಗ್ಲಿಷ್ ಬಲ್ಲವರು.

ಸುಗತ ಮೋಟಿಗೆ ತೆಳು ಬಟ್ಟೆ ತೊಡಿಸಿ, ಎಲುಬು ಎಲ್ಲಿದೆ, ನೋವು ಎಲ್ಲಿದೆ ಎಂದು ಕೇಳುತ್ತ ನೇರಳೆ ಪೆನ್ಸಿಲಿನಿಂದ ಗುರುತು ಹಾಕಿದ. ಮೇಲೆ ಪ್ಲಾಸ್ಟರು ಸುತ್ತಿದರೆ ಆ ಗುರುತು ಪ್ಲಾಸ್ಟರಿಗೆ ಇಳಿಯುತ್ತದೆ, ಅದರಿಂದ ಅದರೊಳಗೆ ಹುಯ್ದು ತೆಗೆಯುವ ಮೋಟಿನ ಅಚ್ಚಿಗೆ. ಆ ಅಚ್ಚಿನ ಮೇಲೆಯೇ ಬಟ್ಟಲು ಮಾಡುವುದು. ಅವನು ಗುರುತು ಹಾಕುತ್ತಿದ್ದಾಗ ಸೋಫಲ್ ಮೆಲ್ಲಗೆ ಏನೋ ಕೇಳಿದಳು.

“ಈ ಕಾಲಲ್ಲಿ ಕೂರಬಹುದೇ ಎನ್ನುತ್ತಾಳೆ,” ಎಂದರು ಮೇಷ್ಟರು. ನೆಲದ ಮೇಲೆ ಕೂತು ತೋರಿಸಿದರು. ಎರಡೂ ಮಂಡಿ ಮಡಚಿ, ಎರಡೂ ಪಾದ ಒಂದೇ ಪಕ್ಕಕ್ಕೆ ಹಿಂದೆ ಸರಿಸಿ, ಕೈ ಜೋಡಿಸಿ, ತಲೆ ನೆಲಕ್ಕೆ. “ಮಗನ ದೀಕ್ಷೆಯ ದಿನ ಹೀಗೆ ಕೂರಬೇಕು. ಪಾದ ಬುದ್ಧನ ಕಡೆಗೆ ಚಾಚುವಂತಿಲ್ಲ.”

ಸುಗತನ ಕೈ ನಿಂತಿತು. ಶಿವಾಜಿನಗರದಲ್ಲಾಗಿದ್ದರೆ, ಕೇಳಿದವರು ಮುಗಿಸುವ ಮುಂಚೆಯೇ ಅವನು ಹಿಂಬದಿಯ ಅಂಚಿನ ಗೆರೆಯನ್ನು ಎರಡು ಬೆರಳು ಕೆಳಗೆ ಎಳೆದಿರುತ್ತಿದ್ದ. ಆದರೆ ಆ ತಲೆ ನೆಲಕ್ಕೆ ಮುಟ್ಟಿದ್ದನ್ನು ಕಂಡಾಗ ಅವನಿಗೆ ಕಂಡದ್ದು ಬೇರೆಯೇ ಬೀದಿ, ಬೇರೆಯೇ ಬೆನ್ನು.

“ಮೇಷ್ಟ್ರೇ, ಅವರಿಗೆ ಹೇಳಿ. ನಮ್ಮ ಧರ್ಮದಲ್ಲಿ ಯಾರ ಮುಂದೂ ಬಗ್ಗೋ ಹಾಗಿಲ್ಲ. ಬುದ್ಧ ದೇವರಲ್ಲ. ನಿಂತು ಕೈ ಮುಗಿದ್ರೆ ಸಾಕು. ನಾನೂ ಬೌದ್ಧನೇ, ನಮ್ಮನೇಲಿ ನಾವೆಲ್ಲ ನಿಂತೇ ಮುಗಿಯೋದು. ಇವರಿಗೆ ಗಟ್ಟಿಯಾಗಿ ನಿಲ್ಲೋ ಕಾಲು ಮಾಡ್ಕೊಡ್ತೀನಿ, ಗದ್ದೆ ಕೆಸರಲ್ಲೂ ಜಾರಬಾರ್ದು.”

ಮೇಷ್ಟರು ಅವನ ಮುಖ ನೋಡಿದರು. ಆಮೇಲೆ ತಮ್ಮ ಭಾಷೆಯಲ್ಲಿ ಏನೋ ಚಿಕ್ಕದಾಗಿ ಹೇಳಿದರು. ದೂರದಿಂದ ಬಂದವರು, ಕೊಡುತ್ತಿರುವವರು ಎಂದು ಸೋಫಲ್‌ಗೆ ಅನ್ನಿಸಿರಬೇಕು. ಅವಳು ಕೈ ಜೋಡಿಸಿ ತಲೆಬಾಗಿದಳು. ಅದು ಒಪ್ಪಿಗೆಯೆಂದು ಸುಗತ ತಿಳಿದ.

ಕಾಲು ಚೆನ್ನಾಗಿಯೇ ಬಂತು. ಸಾಮಾನ್ಯವಾಗಿ ಬಟ್ಟಲೊಳಗಿನ ಅಚ್ಚನ್ನು ಒಡೆದೇ ತೆಗೆಯಬೇಕಾಗುತ್ತದೆ, ಅವಳದು ಇಡಿಯಾಗಿ ಜಾರಿ ಬಂತು. ಹಿಂಬದಿಯ ಅಂಚನ್ನು ಎತ್ತರಕ್ಕೇ ಬಿಟ್ಟು ಅರ ಹಾಕಿ ನುಣುಪು ಮಾಡಿದ. ಚಪ್ಪರದ ಕೆಳಗೆ ಅವಳು ಕೋಲಿಲ್ಲದೆ ನಡೆದಾಗ ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಬೆನ್ನು ನೆಟ್ಟಗಿತ್ತು. ಅಪ್ಪ ನೋಡಬೇಕಿತ್ತು ಎಂದುಕೊಂಡ ಸುಗತ.

ದೀಕ್ಷೆ ನಡೆದದ್ದು ಇವರು ಹೊರಡುವ ದಿನವೇ. ಸಾಮಾನೆಲ್ಲ ಲಾರಿಗೆ ಏರಿತ್ತು. ತಲೆ ಬೋಳಿಸಿಕೊಂಡು ಬಿಳಿ ಉಟ್ಟ ಮಗನನ್ನು ಮುಂದಿಟ್ಟುಕೊಂಡು, ಡೋಲು ಬಾರಿಸುತ್ತ ಮಂದಿರವನ್ನು ಸುತ್ತು ಹಾಕಿದರು. ಸೋಫಲ್ ಮಗ ಉಡಲಿದ್ದ ಭಿಕ್ಷುವಿನ ಬಟ್ಟೆ, ಚೀವರ ಹೊತ್ತು ಅವನ ಹಿಂದೆ ನಡೆದಳು, ಒಮ್ಮೆಯೂ ಎಡವಲಿಲ್ಲ. ಸುಗತ ಲಾರಿಯ ಪಕ್ಕದಲ್ಲಿ ನಿಂತು ಅವಳ ಹೆಜ್ಜೆಯನ್ನೇ ನೋಡುತ್ತಿದ್ದ. ಆಮೇಲೆ ಎಲ್ಲರೂ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಕೊನೆಗೊಮ್ಮೆ ಒಳಗೆ ಹೋಗಿ ಕೈ ಮುಗಿದು ಬರೋಣವೆಂದು ಅವನೂ ಆ ಕಡೆ ಹೆಜ್ಜೆ ಹಾಕಿದ.

ಮೆಟ್ಟಿಲ ಬಳಿ, ರಬ್ಬರ್ ಚಪ್ಪಲಿಗಳ ನಡುವೆ, ಅವನು ಮಾಡಿದ ಕಾಲು ನಿಂತಿತ್ತು.

ಬಾಗಿಲಿನಿಂದ ಒಳಗೆ ನೋಡಿದ. ತುಂಬಿದ ಸಭೆಯ ನಡುವೆ ಬಿಟ್ಟ ದಾರಿಯಲ್ಲಿ ಸೋಫಲ್ ಅಂಗೈ ಊರಿ, ಒಂದು ಮಂಡಿ ಮತ್ತು ಒಂದು ಮೋಟಿನ ಮೇಲೆ ತೆವಳಿಕೊಂಡು ಮಗನ ಕಡೆಗೆ ಹೋಗುತ್ತಿದ್ದಳು. ಚೀವರ ನೆಲಕ್ಕೆ ತಾಗದಿರಲೆಂದು ಹೆಗಲ ಮೇಲೆ ಹಾಕಿಕೊಂಡಿದ್ದಳು. ಅದು ಜಾರುತ್ತಿತ್ತು. ಒಂದೊಂದು ಸಲ ಜಾರಿದಾಗಲೂ ನಿಂತು ಸರಿಮಾಡಿಕೊಳ್ಳುತ್ತಿದ್ದಳು. ಮಗ ಕಾಯುತ್ತಿದ್ದ. ಯಾರೂ ಸಹಾಯಕ್ಕೆ ಏಳಲಿಲ್ಲ, ಚೀವರವನ್ನು ತಾಯಿಯೇ ತರಬೇಕಿತ್ತು.

ಹೊರಗೆ ಬಂದು ಅವಳು ಕಾಲು ಕಟ್ಟಿಕೊಳ್ಳುವವರೆಗೂ ಸುಗತ ಅಲ್ಲೇ ನಿಂತಿದ್ದ. ಅವಳ ಮುಖದಲ್ಲಿ ಬೇಸರವಿರಲಿಲ್ಲ. ಅವನನ್ನು ಕಂಡು ನಕ್ಕಳು.

“ಮೇಷ್ಟ್ರೇ, ಆ ಅಂಚು...” ಎಂದು ಅವನು ಶುರು ಮಾಡಿದ.

ಸೋಫಲ್ ಹೇಳಿದ್ದನ್ನು ಮೇಷ್ಟರು ತಿಳಿಸಿದರು: “ಪರವಾಗಿಲ್ಲವಂತೆ. ಎಲ್ಲರೂ ಚಪ್ಪಲಿ ಬಿಡುವ ಹಾಗೆ ಇದನ್ನೂ ಹೊರಗೆ ಬಿಡುತ್ತಾಳಂತೆ.”

ಗರಗಸ ಲಾರಿಯಲ್ಲಿತ್ತು, ಬಟ್ಟೆಯ ಗಂಟಿನಲ್ಲಿ. ಇಳಿಸಿ, ಕತ್ತರಿಸಿ, ಅರ ಹಾಕಿ, ಪಟ್ಟಿ ಬಿಗಿಯುವುದಕ್ಕೆ ಬೇಕಿದ್ದದ್ದು ಅರ್ಧ ಗಂಟೆ. ಲಾರಿಯವನು ಹಾರ್ನ್ ಹೊಡೆಯುತ್ತಿದ್ದ. ಭಂತೇ, “ಸುಗತ, ಬಾರಪ್ಪ, ಹೊತ್ತಾಯ್ತು,” ಎಂದು ಕೂಗಿದರು. ಕೇಳಿದ್ದರೆ ಅವರು ಕಾಯುತ್ತಿದ್ದರು. ಆದರೆ ಕೇಳಬೇಕಾದರೆ ಮೇಷ್ಟರ ಎದುರು, ಆ ಹೆಂಗಸಿನ ಎದುರು, ನಾನು ಹೇಳಿದ್ದು ತಪ್ಪಾಯಿತು ಎನ್ನಬೇಕಿತ್ತು. ಅವನ ಬೆನ್ನು ಅಷ್ಟು ಬಗ್ಗಲಿಲ್ಲ.

“ಮುಂದಿನ ವರ್ಷ ಬರ್ತೀನಿ. ಬಂದು ಸರಿ ಮಾಡ್ಕೊಡ್ತೀನಿ ಅಂತ ಹೇಳಿ,” ಎಂದ.

ಲಾರಿ ಹತ್ತುವ ಮುಂಚೆ ಚಪ್ಪರದ ಮೂಲೆಯಲ್ಲಿ ಬಿದ್ದಿದ್ದ ಅವಳ ಅಚ್ಚನ್ನು ಟವೆಲಿನಲ್ಲಿ ಸುತ್ತಿಕೊಂಡ.

ಶಿವಾಜಿನಗರಕ್ಕೆ ಮರಳಿದಾಗ ಸನಾವುಲ್ಲಾ ಫೋಟೋಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು. ಸೋಫಲ್ ನಿಂತಿದ್ದ ಒಂದರ ಮೇಲೆ ಬೆರಳಿಟ್ಟರು.

“ಇದೇನ್ ಮಿಯಾ? ಕೆಳಗೆ ಕೂರೋ ಜನ ಅಲ್ವಾ ಇವ್ರು? ಕಟಿಂಗ್ ಯಾಕ್ ಹಾಕ್ಲಿಲ್ಲ?”

“ಟೈಮ್ ಇರ್ಲಿಲ್ಲ ಭಾಯ್.”

ಸನಾವುಲ್ಲಾ ಮುಂದಿನ ಫೋಟೋ ತೆಗೆದರು. ಸುಳ್ಳು ಅಲ್ಲಿಗೆ ನಿಂತಿತು.

ಮುಂದಿನ ವರ್ಷ ವಿಹಾರದವರು ಬೇರೆ ದೇಶಕ್ಕೆ ಹೋದರು. ಅದರಾಚೆಯ ವರ್ಷ ಅಪ್ಪನಿಗೆ ಲಕ್ವ ಹೊಡೆಯಿತು. ಮಗಳು ಹೈಸ್ಕೂಲಿಗೆ ಬಂದಳು. ಭಂತೇ ಬುದ್ಧಗಯೆಗೆ ಹೋಗಿ ಅಲ್ಲೇ ಉಳಿದರು. ಅಚ್ಚು ಹಲಸೂರಿನ ಮನೆಯ ಅಟ್ಟದ ಮೇಲೆ ಟವೆಲಿನಲ್ಲೇ ಇತ್ತು. ಪ್ರತಿ ವರ್ಷ ಹಬ್ಬಕ್ಕೆ ಸುಣ್ಣ ಬಳಿಯುವಾಗ ಹೇಮಶ್ರೀ ಅದನ್ನು ಇಳಿಸಿ, ಧೂಳು ಒರೆಸಿ, “ಇದನ್ನ ಇಟ್ಕೊಂಡು ಏನ್ ಮಾಡ್ತೀರಿ?” ಎನ್ನುತ್ತಿದ್ದಳು. “ಇರ್ಲಿ ಬಿಡೇ,” ಎನ್ನುತ್ತಿದ್ದ ಅವನು. ಅವಳು ಮತ್ತೆ ಮೇಲಿಡುತ್ತಿದ್ದಳು.

ಎರಡು ಸಾವಿರದ ನಾಲ್ಕರ ಬುದ್ಧ ಪೂರ್ಣಿಮೆ. ಬೆಳಿಗ್ಗೆ ಪಟಕ್ಕೆ ಹೂ ಹಾಕಿ, ಅಪ್ಪನನ್ನು ಕುರ್ಚಿಯಲ್ಲಿ ಕೂರಿಸಿ ತಂದರು. ವೆಂಕಟಸ್ವಾಮಿ ಪಟವನ್ನು ನೋಡಿದರು. ಆಮೇಲೆ ಸೊಟ್ಟಗಾದ ಬಾಯಲ್ಲಿ ಹೇಳಿದರು: “ಕೆಳಗೆ ಕೂರಿಸೋ.”

“ಬೇಡಪ್ಪ, ಏಳಕ್ಕಾಗಲ್ಲ ಆಮೇಲೆ. ಕುರ್ಚೀಲೇ ಕೈ ಮುಗಿ.”

“ಕೂರಿಸೋ ಅಂದೆ.”

ಸುಗತ, ಹೇಮಶ್ರೀ ಇಬ್ಬರೂ ಹಿಡಿದು ಇಳಿಸಿದರು. ಅಪ್ಪ ಸ್ವಾಧೀನವಿದ್ದ ಒಂದು ಕೈಯನ್ನು ಊರಿ, ನಿಧಾನವಾಗಿ, ತಲೆಯನ್ನು ನೆಲಕ್ಕೆ ಮುಟ್ಟಿಸಿದರು. ಬಾಗಿಲಲ್ಲಿ ನಿಂತಿದ್ದ ಗೋವಿಂದಮ್ಮ ಸೆರಗನ್ನು ಬಾಯಿಗೆ ಹಿಡಿದಳು.

“ಯಾರ ಮುಂದೂ ಬಗ್ಗಬೇಡ ಅಂತ ನೀನೇ ಹೇಳ್ತಿದ್ದೆಯಲ್ಲಪ್ಪ,” ಎಂದ ಸುಗತ. ಅವನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ.

ಅಪ್ಪ ನೆಲದ ಮೇಲಿಂದಲೇ ತಲೆ ಹೊರಳಿಸಿ ನೋಡಿದರು. “ಅದು ಸಾಹುಕಾರನ ಜಗಲಿ ಮುಂದೆ ಕಣೋ. ಇದು ನಮ್ಮನೆ.”

ಮರುದಿನ ಸುಗತ ಅಚ್ಚನ್ನು ಕಾರ್ಖಾನೆಗೆ ಒಯ್ದ. ಸನಾವುಲ್ಲಾ ಈಗ ಕೆಲಸ ಮಾಡುತ್ತಿರಲಿಲ್ಲ, ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಟವೆಲು ಬಿಚ್ಚಿದ್ದನ್ನು ನೋಡಿ ಕೈ ಚಾಚಿದರು. ಮುಟ್ಟಿ ನೋಡಿದರು.

“ಹಳೇದು.”

“ಹೂಂ ಭಾಯ್. ಆವತ್ತು ಟೈಮ್ ಇತ್ತು. ನಾನೇ ಮಾಡ್ಲಿಲ್ಲ.”

ಸನಾವುಲ್ಲಾ ಅವನನ್ನೊಮ್ಮೆ ನೋಡಿ ಅಚ್ಚನ್ನು ಹಿಂತಿರುಗಿಸಿದರು. “ಆ ಹೆಂಗಸು ಇದ್ರೂ, ಆ ಕಾಲು ಈಗ ಹೀಗಿರಲ್ಲ ಬೇಟಾ. ಮೋಟು ಕರಗಿರುತ್ತೆ. ಇದರ ಮೇಲೆ ಮಾಡಿದ್ದು ಅವಳಿಗೆ ಕೂರಲ್ಲ.”

“ಗೊತ್ತು.”

ಸುಗತ ಅಚ್ಚನ್ನು ಮೇಜಿನ ಮೇಲೆ ನಿಲ್ಲಿಸಿದ. ಅವಳ ಚರ್ಮದ ಮೇಲಿನ ಬಟ್ಟೆಗೆ ಹಾಕಿದ್ದ ನೇರಳೆ ಗುರುತುಗಳು ಪ್ಲಾಸ್ಟರಿನಲ್ಲಿ ಇನ್ನೂ ಇದ್ದವು, ತುಸು ಮಾಸಿದ್ದವು. ಇಲ್ಲಿ ಎಲುಬು, ಇಲ್ಲಿ ನೋವು. ಹಿಂಬದಿಗೆ ತಿರುಗಿಸಿದ. ಎತ್ತರದ ಗೆರೆ ಅವನು ಎಳೆದ ಹಾಗೆಯೇ ಇತ್ತು, ಒಂದಿಷ್ಟೂ ನಡುಗದೆ. ಡಬ್ಬಿಯಿಂದ ಪೆನ್ಸಿಲು ತೆಗೆದು ತುದಿಯನ್ನು ನಾಲಿಗೆಗೆ ಒದ್ದೆ ಮಾಡಿಕೊಂಡ. ಹಳೆಯ ಗೆರೆಯ ಕೆಳಗೆ ಎರಡು ಬೆರಳಿಟ್ಟು ಅಳೆದು ಹೊಸ ಗೆರೆ ಎಳೆದ. ಹೋಟೆಲಿನವನು ಆಗ ತಾನೇ ತಂದಿಟ್ಟ ಚಹಾ ಇನ್ನೂ ಹೊಗೆಯಾಡುತ್ತಿತ್ತು.

ಬಾಗಿಲಲ್ಲಿ ಕೋಲೂರಿಕೊಂಡು ಯಾರೋ ಬಂದು ನಿಂತರು. ಸುಗತ ಅಚ್ಚನ್ನು ಪಕ್ಕಕ್ಕೆ ಸರಿಸಿ, ಅವರಿಗೆ ಸ್ಟೂಲು ಹಾಕಿದ.